ಸ್ಲೂಯಿಸ್ ಬಾಕ್ಸ್ ಕೊಳ್ಳೋ ಮುಂಚೆ ಇದನ್ನು ಓದಿ: ಕಡಿಮೆ ಖರ್ಚಿನ ಚಿನ್ನ ತೊಳೆಯುವ ಉಪಕರಣ ಆರಿಸೋದು ಹೇಗೆ?



ಚಿನ್ನದ ರೇಟು ಏರಿದ ಹಾಗೆಲ್ಲ ಮೊಬೈಲಿನಲ್ಲಿ ಒಂದು ಬಗೆಯ ವಿಡಿಯೋಗಳು ಜಾಸ್ತಿ ಓಡಾಡ್ತಾವೆ. ಒಬ್ಬ ಮನುಷ್ಯ ಹೊಳೆಯಲ್ಲಿ ಮೂರು ನಾಲ್ಕು ಅಡಿ ಉದ್ದದ ತಗಡಿನ ಪೆಟ್ಟಿಗೆ ಇಡ್ತಾನೆ, ಅದರೊಳಗೆ ಗುದ್ದಲಿಯಿಂದ ಮರಳು ಸುರಿತಾನೆ, ಸಂಜೆ ಹೊತ್ತಿಗೆ ಅಂಗೈಯಲ್ಲಿ ಹಳದಿ ಕಾಳು ತೋರಿಸ್ತಾನೆ. ಕೆಳಗೆ ಪೆಟ್ಟಿಗೆ ಕೊಳ್ಳೋ ಲಿಂಕು. ಈ ಪೆಟ್ಟಿಗೆಯ ಹೆಸರೇ ಸ್ಲೂಯಿಸ್ ಬಾಕ್ಸ್. "ನಮ್ಮ ಹೊಲದ ಪಕ್ಕ ಹಳ್ಳ ಇದೆ, ಇದನ್ನು ತರಿಸಬಹುದಾ? ಯಾವುದು ಒಳ್ಳೇದು?" ಅಂತ ಕೇಳೋ ಯುವಕರು ಕಡಿಮೆ ಇಲ್ಲ.

ನಾನು ತೋಟಗಾರಿಕೆ ಓದಿದವನು, ಗಣಿ ಓದಿದವನಲ್ಲ. ಆದರೆ ಇಳಿಜಾರು, ನೀರಿನ ವೇಗ, ಮರಳು ಕೂರೋದು, ಜರಡಿ ಇವೆಲ್ಲ ನಮ್ಮ ಡ್ರಿಪ್ ಮತ್ತು ಕಾಲುವೆ ಕೆಲಸದಲ್ಲೂ ದಿನಾ ಎದುರಾಗೋ ವಿಷಯಗಳೇ. ಹಾಗಾಗಿ ಈ ವಾರ ಇದನ್ನು ಪೂರ್ತಿ ಬಿಡಿಸಿ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಈ ಹವ್ಯಾಸದಲ್ಲಿ ಪೆಟ್ಟಿಗೆ ಅನ್ನೋದು ಕೊನೆಗೆ ಕೊಳ್ಳಬೇಕಾದ ವಸ್ತು. ಮೊದಲು ಜಾಗ, ಆಮೇಲೆ ಕೈಗುಣ, ಅದಾದ ಮೇಲೆ ಪೆಟ್ಟಿಗೆ.

ಮೊದಲು ಜಾಗದ ಮಾತು

ಜಮೀನು ನಮ್ಮದು, ಹಳ್ಳ ನಮ್ಮ ಹೊಲದೊಳಗೇ ಹರಿಯುತ್ತೆ, ಹಾಗಾಗಿ ಅದರ ಚಿನ್ನವೂ ನಮ್ಮದೇ ಅಂತ ಅಂದುಕೊಳ್ಳೋದು ಸಹಜ. ಕಾನೂನು ಹಾಗೆ ಹೇಳೋದಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಲ್ಲಿ ಗಣಿ ಮತ್ತು ಖನಿಜದ ಹಕ್ಕನ್ನು ಸರ್ಕಾರಕ್ಕೆ ಕೊಡಲಾಗಿದೆ. ಪಹಣಿಯಲ್ಲಿ ನಿಮ್ಮ ಹೆಸರಿದ್ದರೆ ಸಾಗುವಳಿ ಹಕ್ಕು ನಿಮ್ಮದು, ಕೆಳಗಿನ ಚಿನ್ನ ಬೇರೆ ಲೆಕ್ಕ.

ಇದರ ಮೇಲೆ ಕೇಂದ್ರದ 1957ರ ಗಣಿ ಮತ್ತು ಖನಿಜ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಚಿನ್ನ ಹುಡುಕೋ ಹಾಗೂ ಇಲ್ಲ, ತೆಗೆಯೋ ಹಾಗೂ ಇಲ್ಲ. ಉಲ್ಲಂಘನೆಗೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ಬಳಸಿದ ಸಾಮಾನು, ಗಾಡಿ ಜಪ್ತಿ ಮಾಡೋ ಅಧಿಕಾರವೂ ಇದೆ. "ನಾನು ಜೆಸಿಬಿ ತಂದಿಲ್ಲ, ಕೈಯಲ್ಲೇ ತೊಳೆದೆ" ಅನ್ನೋ ವಿನಾಯಿತಿಯನ್ನು ನಂಬಿಕೊಂಡು ಹಳ್ಳಕ್ಕೆ ಇಳಿಯಬೇಡಿ. ಗದಗದ ಕಪ್ಪತಗುಡ್ಡದ ಕಡೆಯವರಂತೂ ಇನ್ನೂ ಹುಷಾರಾಗಿರಬೇಕು. 2019ರಲ್ಲಿ ಅದು ವನ್ಯಜೀವಿ ಧಾಮ ಆಗಿದೆ, ಅಲ್ಲಿ ಅರಣ್ಯದ ಕಾನೂನೂ ಸೇರಿಕೊಳ್ಳುತ್ತೆ.

ಹಾಗಾದರೆ ಈ ಪೆಟ್ಟಿಗೆ ಯಾರಿಗೆ? ಕೆಲವು ದೇಶಗಳಲ್ಲಿ ಹವ್ಯಾಸಕ್ಕೆ ಅಂತಲೇ ಜಾಗ ಬಿಟ್ಟಿದ್ದಾರೆ. ನ್ಯೂಜಿಲೆಂಡ್ ಒಳ್ಳೆಯ ಉದಾಹರಣೆ. ಅಲ್ಲೂ ಚಿನ್ನ ಸರ್ಕಾರದ್ದೇ, ಸಾಮಾನ್ಯವಾಗಿ ಪರ್ಮಿಟ್ ಬೇಕು. ಆದರೆ ದಕ್ಷಿಣ ದ್ವೀಪದಲ್ಲಿ ಕೆಲವು ಹೊಳೆ ದಂಡೆಗಳನ್ನು ಸಾರ್ವಜನಿಕರಿಗೆ ಗುರುತು ಮಾಡಿ ಕೊಟ್ಟಿದ್ದಾರೆ. ಅಲ್ಲಿ ಪರ್ಮಿಟ್ ಬೇಡ. ಪ್ಯಾನ್, ಗುದ್ದಲಿ, ಕೈ ಸ್ಲೂಯಿಸ್ ಬಳಸಬಹುದು, ಮೋಟಾರು ಹಾಕೋ ಹಾಗಿಲ್ಲ. 1862ರಲ್ಲಿ ಚಿನ್ನದ ಗದ್ದಲ ಎದ್ದಿದ್ದ ಒಟಾಗೊ ಪ್ರಾಂತ್ಯದ ಆರೋ ನದಿಯಲ್ಲೂ ಅಂಥ ಜಾಗ ಇದೆ. ಅದೇ ಪ್ರಾಂತ್ಯ ಚೆರ್ರಿ ತೋಟಗಳಿಗೂ ಹೆಸರುವಾಸಿ. ನಮ್ಮ ಕಡೆಯಿಂದ ಕೃಷಿ, ತೋಟಗಾರಿಕೆ ಓದೋಕೆ, ತೋಟದ ಕೆಲಸಕ್ಕೆ ಅಂಥ ಕಡೆ ಹೋದವರಿಗೆ ಕೆಳಗಿನ ಮಾಹಿತಿ ನೇರವಾಗಿ ಬಳಕೆಗೆ ಬರುತ್ತೆ. ಊರಲ್ಲೇ ಇರೋರಿಗೆ, ಮಾರೋರ ಮಾತಿನಲ್ಲಿ ಯಾವುದು ಕಾಳು ಯಾವುದು ಹೊಟ್ಟು ಅಂತ ಗೊತ್ತಾಗುತ್ತೆ.

ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತೆ?

ಮನೆಯಲ್ಲಿ ಅಮ್ಮ ಅಕ್ಕಿ ಜಾಲಿಸೋದನ್ನು ನೋಡಿದ್ದೀರಲ್ಲ? ನೀರಲ್ಲಿ ಅಲ್ಲಾಡಿಸ್ತಾ ಹೋದರೆ ಅಕ್ಕಿ ನೀರಿನ ಜೊತೆ ದಾಟಿ ಹೋಗುತ್ತೆ, ಕಲ್ಲು ತಳದಲ್ಲಿ ಉಳಿಯುತ್ತೆ. ಸ್ಲೂಯಿಸ್ ಮಾಡೋದು ಅಷ್ಟೇ ಕೆಲಸ.

ಒಂದು ಲೋಟ ನೀರಿನ ತೂಕ ಒಂದು ಅಂತ ಇಟ್ಟುಕೊಂಡರೆ ಅಷ್ಟೇ ಗಾತ್ರದ ಬಿಳಿ ಮರಳಿನ ಕಲ್ಲು ಸುಮಾರು 2.6 ಪಟ್ಟು, ಅಯಸ್ಕಾಂತಕ್ಕೆ ಅಂಟೋ ಕಪ್ಪು ಮರಳು ಸುಮಾರು 5 ಪಟ್ಟು, ಶುದ್ಧ ಚಿನ್ನ 19.3 ಪಟ್ಟು ತೂಗುತ್ತೆ. ಇಷ್ಟು ದೊಡ್ಡ ಅಂತರ ಇರೋದರಿಂದಲೇ ಬರೀ ನೀರಿನಿಂದ ಚಿನ್ನವನ್ನು ಬೇರೆ ಮಾಡೋಕೆ ಆಗೋದು.

ಪೆಟ್ಟಿಗೆ ಅಂದರೆ ಎರಡೂ ತುದಿ ತೆರೆದ ದೋಣಿ. ಮಲೆನಾಡಿನವರಿಗೆ ದಂಬೆ ಅಂದರೆ ಸಾಕು. ತಳದಲ್ಲಿ ರಬ್ಬರ್ ಅಥವಾ ನಾರಿನ ಮ್ಯಾಟ್, ಅದರ ಮೇಲೆ ನೀರಿಗೆ ಅಡ್ಡಲಾಗಿ ಪಟ್ಟಿಗಳು. ಈ ಪಟ್ಟಿಗೆ ರಿಫಲ್ ಅಂತಾರೆ. ನೀರು ಪಟ್ಟಿ ದಾಟುವಾಗ ಅದರ ಹಿಂದೆ ಸಣ್ಣ ಸುಳಿ ಏಳುತ್ತೆ. ಹಗುರ ಮರಳು ಸುಳಿಯಿಂದ ಎದ್ದು ಮುಂದಕ್ಕೆ ಹೋಗುತ್ತೆ, ಭಾರದ್ದು ಅಲ್ಲೇ ಕೂತು ಮ್ಯಾಟ್ ಸೇರುತ್ತೆ. ಸುಳಿ ಸರಿಯಾಗಿ ಎದ್ದರೆ ಅಗ್ಗದ ಪೆಟ್ಟಿಗೆಯೂ ಕೆಲಸ ಮಾಡುತ್ತೆ, ಏಳದಿದ್ದರೆ ದುಬಾರಿಯದ್ದೂ ಮಾಡೋಲ್ಲ.

ಇದು ಹೊರದೇಶದ ಹೊಸ ವಿದ್ಯೆಯೇನೂ ಅಲ್ಲ. ಕಪ್ಪತಗುಡ್ಡ, ಡೋಣಿ ಸುತ್ತಿನ ಹಳ್ಳಗಳಲ್ಲಿ ಜಲಗಾರರು ಇದೇ ಕೆಲಸ ಮಾಡ್ತಿದ್ದರು. ಒಂದು ಬದಿ ತೆರೆದ ಹಗುರ ಮರದ ಪೆಟ್ಟಿಗೆ, ಅಗಲ ಬಾಯಿಯ ಗುದ್ದಲಿ, ಕೊನೆಗೆ ತೊಳೆಯೋಕೆ ಮರದ ಹರಿವಾಣ ಅವರ ಸಾಮಾನು. 1870ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಚಿನ್ನದ ಶಿಲೆಗಳ ಬಗ್ಗೆ ಬರೆದಿದ್ದಾರೆ. ಗಮನಿಸಿ, ಹುಟ್ಟಿನಿಂದ ಆ ಕೆಲಸ ಕಲಿತವರು ಕೂಡ ಮಳೆ ಬಂದು ಹಳ್ಳ ಹರಿದ ಮೇಲೆ ಹೊಸ ಮರಳನ್ನು ಹುಡುಕಿ ತೊಳೆಯೋರು. ಅದರಿಂದ ಸಿರಿವಂತರಾದವರು ಅಂತ ಅವರಿಗೆ ಹೆಸರು ಬರಲಿಲ್ಲ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಹೆಸರು ಮಾಡಿದ ಚಿನ್ನ ಇರೋದು ಹೊಳೆ ಮರಳಲ್ಲಲ್ಲ, ಗಟ್ಟಿ ಬಂಡೆಯಲ್ಲಿ. 2001ರಲ್ಲಿ ಮುಚ್ಚಿದ ಕೋಲಾರದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಹಟ್ಟಿಯಲ್ಲಿ ಈಗಲೂ ಬಂಡೆ ಒಡೆದು, ಪುಡಿ ಮಾಡಿ, ರಾಸಾಯನಿಕದಿಂದ ಚಿನ್ನ ತೆಗೀತಾರೆ. "ಕೋಲಾರ, ಹಟ್ಟಿಯಲ್ಲಿ ಸಿಗೋದಾದರೆ ನಮ್ಮ ಹಳ್ಳದಲ್ಲಿ ಯಾಕೆ ಸಿಗಬಾರದು" ಅನ್ನೋ ಮಾತಿಗೆ ಅದೇ ಉತ್ತರ.

ಯಾವ ಕ್ರಮದಲ್ಲಿ ಕೊಳ್ಳಬೇಕು?

ಒಂದು: ಪ್ಯಾನ್. ಅಂಚಿನಲ್ಲಿ ಮೆಟ್ಟಿಲಿನಂಥ ಗೆರೆ ಇರೋ ಪ್ಲಾಸ್ಟಿಕ್ ತಟ್ಟೆ. 14 ಇಂಚಿನದು ಸಾಮಾನ್ಯ. ಬೇಗ ಕೈ ಸೋಲೋರಿಗೆ 10 ಅಥವಾ 12 ಇಂಚಿನದು ಸಾಕು. ಬಣ್ಣ ಹಸಿರು ಅಥವಾ ನೀಲಿ ಇರಲಿ, ಹಳದಿ ಚುಕ್ಕೆಯೂ ಕಪ್ಪು ಮರಳೂ ಎರಡೂ ಎದ್ದು ಕಾಣುತ್ತೆ. ಅಮೆರಿಕದ ಮಾರುಕಟ್ಟೆಯಲ್ಲಿ 10ರಿಂದ 20 ಡಾಲರಿಗೆ ಒಳ್ಳೆಯದೇ ಸಿಗುತ್ತೆ. ಹೊಸ ಪ್ಯಾನಿಗೆ ಎಣ್ಣೆ ಜಿಡ್ಡು ಇರುತ್ತೆ, ಪಾತ್ರೆ ಸೋಪಿನಿಂದ ಚೆನ್ನಾಗಿ ಉಜ್ಜಿ. ಜಿಡ್ಡಿದ್ದರೆ ಸಣ್ಣ ಚಿನ್ನ ನೀರಿನ ಮೇಲೆ ತೇಲಿ ಹೋಗುತ್ತೆ.

ಎರಡು: ಜರಡಿ. ಬಕೆಟ್ ಮೇಲೆ ಕೂರೋ, ಅರ್ಧ ಇಂಚು ಕಣ್ಣಿನ ಜರಡಿ. ದೊಡ್ಡ ಕಲ್ಲು ಪೆಟ್ಟಿಗೆಗೆ ಬಿದ್ದರೆ ಅದನ್ನು ತಳ್ಳೋಕೆ ಜಾಸ್ತಿ ನೀರು ಬೇಕು, ಆ ನೀರು ಸಣ್ಣ ಚಿನ್ನವನ್ನೂ ತಳ್ಳಿಕೊಂಡು ಹೋಗುತ್ತೆ. ಕಾಳನ್ನು ಒಂದೇ ಗಾತ್ರಕ್ಕೆ ತಂದುಕೊಂಡು ತೂರಿದರೆ ಹೇಗೆ ಚೆನ್ನಾಗಿ ಬೇರೆಯಾಗುತ್ತೋ ಹಾಗೇ ಇದೂ. ಕಡಿಮೆ ದುಡ್ಡಿನಲ್ಲಿ ಇಳುವರಿ ಹೆಚ್ಚಿಸೋ ಸಾಮಾನು ಇದು.

ಮೂರು: ಸಣ್ಣ ಸಾಮಾನು. ಗಟ್ಟಿ ಗುದ್ದಲಿ, ಎರಡು ಬಕೆಟ್, ಚಿನ್ನದ ಚೂರು ಹೀರಿಕೊಳ್ಳೋ ಪ್ಲಾಸ್ಟಿಕ್ ಬಾಟಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತ. ಕವರು ಯಾಕಂದರೆ ಅಂಟಿಕೊಂಡ ಕಪ್ಪು ಮರಳನ್ನು ಬಿಡಿಸೋಕೆ ಅದನ್ನು ಕಳಚಿದರೆ ಆಯ್ತು.

ನಾಲ್ಕು: ಸ್ಲೂಯಿಸ್. ಅದೇ ಮಾರುಕಟ್ಟೆಯಲ್ಲಿ ಕೈಯಲ್ಲಿ ಹೊರೋ ಪೆಟ್ಟಿಗೆಗಳು ಸಾಮಾನ್ಯವಾಗಿ 60ರಿಂದ 200 ಡಾಲರ್ ಒಳಗೆ ಸಿಗುತ್ತವೆ. ಹತ್ತು ಕಡೆ ಪ್ಯಾನ್ ಹಾಕಿ ನೋಡಿ. ಒಂದರಲ್ಲೂ ಒಂದು ಚುಕ್ಕೆ ಕಾಣದ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಬರೋದು ಮರಳು ಮಾತ್ರ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ತಂದ ಹಾಗೆ.

ಪೆಟ್ಟಿಗೆ ಆರಿಸುವಾಗ ಏನು ನೋಡಬೇಕು?

*ಗಾತ್ರ:* ಹೊಸಬರಿಗೆ ಮೂರರಿಂದ ನಾಲ್ಕು ಅಡಿ ಉದ್ದ, 8ರಿಂದ 10 ಇಂಚು ಅಗಲ ಸಾಕು. ಅಗಲ ಜಾಸ್ತಿಯಾದಷ್ಟೂ ನೀರು ಜಾಸ್ತಿ ಬೇಕು. ಕಡಿಮೆ ಹರಿವಿನ ಹೊಳೆಗೆ ಕಿರಿದಾದದ್ದೇ ವಾಸಿ.

*ಲೋಹವೋ ಪ್ಲಾಸ್ಟಿಕ್ಕೋ:* ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯೋಲ್ಲ, ವರ್ಷಗಟ್ಟಲೆ ಬರುತ್ತೆ. ಪ್ಲಾಸ್ಟಿಕ್ ಅಗ್ಗ, ಇನ್ನೂ ಹಗುರ, ಆದರೆ ನೀರಲ್ಲಿ ಎದ್ದೇಳುತ್ತೆ, ಮೇಲೆ ಕಲ್ಲು ಹೇರಬೇಕು. ಕಬ್ಬಿಣದ್ದು ಬೇಡ, ಹೊತ್ತು ಸುಸ್ತಾಗುತ್ತೆ.

*ತಳ:* ಸಣ್ಣ ಪುಡಿ ಚಿನ್ನ ಸಿಗೋ ಜಾಗಕ್ಕೆ ತಗ್ಗು ಪಟ್ಟಿ ಅಥವಾ ಗುಳಿಗಳಿರೋ ರಬ್ಬರ್ ಮ್ಯಾಟ್ ಒಳ್ಳೇದು. ಎತ್ತರದ ಲೋಹದ ಪಟ್ಟಿಗಳಿಗೆ ರಭಸದ ನೀರು ಬೇಕು. ತಳದ ಮೊದಲ ಒಂದು ಗೇಣು ಕಪ್ಪು ಬಣ್ಣದ ರಬ್ಬರ್ ಇದ್ದರೆ ಚಿನ್ನ ಬೀಳ್ತಿದೆಯೋ ಇಲ್ಲವೋ ಕೆಲಸ ಮಾಡ್ತಾನೇ ಗೊತ್ತಾಗುತ್ತೆ.

*ಬಿಚ್ಚೋ ಅನುಕೂಲ:* ಪಟ್ಟಿ ಮತ್ತು ಮ್ಯಾಟ್ ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚೋಕೆ ಬರಬೇಕು. ದಿನಕ್ಕೆ ಎರಡು ಮೂರು ಸಲ ತೊಳೆಯೋದಿರುತ್ತೆ. ಹಾಗೇ ಮ್ಯಾಟ್ ಮತ್ತು ತಳದ ನಡುವೆ ಸಂದಿ ಇರಬಾರದು. ನೀರು ಮ್ಯಾಟಿನ ಕೆಳಗೆ ನುಗ್ಗಿದರೆ ಹಿಡಿದ ಚಿನ್ನ ಅಲ್ಲಿಂದಲೇ ಜಾರಿ ಹೋಗುತ್ತೆ.

*ಮಡಚೋದು:* ಮಡಚೋ ಪೆಟ್ಟಿಗೆ ಬ್ಯಾಗಿನಲ್ಲಿ ಹಿಡಿಸುತ್ತೆ. ಆದರೆ ಅಗ್ಗದವುಗಳಲ್ಲಿ ಕೀಲು ಇರೋ ಕಡೆ ಮರಳು ಸೇರಿ ಸೋರುತ್ತೆ. ಕೀಲು ಬಿಗಿಯಾಗಿದೆಯಾ ನೋಡಿ.

ಇನ್ನೂ ಅಗ್ಗ ಬೇಕಾ? ಪ್ಲೈವುಡ್ ಹಲಗೆ ಅಥವಾ ಅಗಲದ ಪಿವಿಸಿ ದೋಣಿಗೆ ಗೆರೆ ಇರೋ ರಬ್ಬರ್ ಮ್ಯಾಟ್ ಹಾಕಿ ನೀವೇ ಮಾಡಿಕೊಳ್ಳಬಹುದು. ಗೆರೆ ನೀರಿಗೆ ಅಡ್ಡ ಬರೋ ಹಾಗೆ ಹಾಕಿ, ಉದ್ದಕ್ಕೆ ಹಾಕಿದರೆ ಕೆಲಸಕ್ಕೆ ಬರೋಲ್ಲ.

ಇಟ್ಟು ಹೊಂದಿಸೋದು

ದುಡ್ಡಿಗಿಂತ ಹೆಚ್ಚು ಫರಕು ಬೀಳೋದು ಇಲ್ಲಿ.

ಪ್ರತಿ ಒಂದು ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇಳಿಜಾರು ಕೊಟ್ಟು ಶುರು ಮಾಡಿ. ಮೂರು ಅಡಿ ಪೆಟ್ಟಿಗೆ ಅಂದರೆ ಮೇಲಿನ ತುದಿ ಕೆಳಗಿನದಕ್ಕಿಂತ ಮೂರು ಇಂಚು ಎತ್ತರ. ಅಡ್ಡಲಾಗಿ ಮಾತ್ರ ಸಮ ಇರಬೇಕು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಇಲ್ಲದಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಒಂದು ಕಡೆ ವಾಲಿದರೆ ನೀರೆಲ್ಲ ಆ ಕಡೆ ಓಡಿ, ಇನ್ನೊಂದು ಕಡೆ ಮರಳು ಕಟ್ಟಿಕೊಳ್ಳುತ್ತೆ.

ಆಮೇಲೆ ಪಟ್ಟಿಗಳ ಹಿಂದೆ ನೋಡಿ:

- ಮರಳು ತುಂಬಿ ಗಟ್ಟಿಯಾಗಿ ಕೂತಿದ್ದರೆ ನೀರು ಸಾಲದು. ಇಳಿಜಾರು ಸ್ವಲ್ಪ ಹೆಚ್ಚಿಸಿ.
- ಏನೂ ಉಳಿಯದೆ ತಳ ಖಾಲಿ ಕಾಣ್ತಿದ್ದರೆ ನೀರು ಜೋರಾಯ್ತು. ಇಳಿಜಾರು ಕಡಿಮೆ ಮಾಡಿ.
- ಪಟ್ಟಿಯ ಹಿಂದೆ ಅರ್ಧ ಮರಳು ಉಳಿದು ಅದು ಕುದಿಯೋ ಹಾಗೆ ಅಲ್ಲಾಡ್ತಿದ್ದರೆ ಸರಿ ಇದೆ.

ಮರಳನ್ನು ಗುದ್ದಲಿ ಗುದ್ದಲಿ ಸುರಿಯಬೇಡಿ, ಸ್ವಲ್ಪ ಸ್ವಲ್ಪ ಬಿಡಿ. ಹಿಂದೆ ಹಾಕಿದ್ದು ಹರಿದು ಹೋದ ಮೇಲೆ ಮುಂದಿನದು. ಮಧ್ಯೆ ಮಧ್ಯೆ ಪೆಟ್ಟಿಗೆಯಿಂದ ಹೊರಬಿದ್ದ ಮರಳನ್ನು ಪ್ಯಾನ್ ಹಾಕಿ ಪರೀಕ್ಷೆ ಮಾಡಿ. ಅದರಲ್ಲಿ ಚಿನ್ನ ಕಂಡರೆ ಪೆಟ್ಟಿಗೆ ಸೋರ್ತಿದೆ ಅಂತ ಅರ್ಥ.

ಕೈಗುಣ ಬರಿಸಿಕೊಳ್ಳೋಕೆ ಹೊಳೆಯೇ ಬೇಕಾಗಿಲ್ಲ. ಗಾಳಕ್ಕೆ ಕಟ್ಟೋ ಸೀಸದ ಗುಂಡನ್ನು ಸಣ್ಣ ಸಣ್ಣ ಚೂರು ಮಾಡಿ, ಬಡಿದು ಚಪ್ಪಟೆ ಮಾಡಿ, ಹತ್ತು ಚೂರು ಎಣಿಸಿ ಒಂದು ಪ್ಯಾನ್ ಮರಳಿಗೆ ಸೇರಿಸಿ. ದೊಡ್ಡ ಟಬ್ಬಿನಲ್ಲಿ ಕೂತು ತೊಳೆಯಿರಿ. ಹತ್ತರಲ್ಲಿ ಒಂಬತ್ತು ಹತ್ತು ಉಳಿಯೋವರೆಗೆ ಅಭ್ಯಾಸ. ಸೀಸ ಚಿನ್ನಕ್ಕಿಂತ ಹಗುರ, ಹಾಗಾಗಿ ಸೀಸ ಉಳಿಸೋ ಕೈ ಚಿನ್ನವನ್ನು ಬಿಡೋಲ್ಲ. ಸೀಸ ವಿಷ, ಕೈ ಚೆನ್ನಾಗಿ ತೊಳೆದುಕೊಳ್ಳಿ. ಆ ನೀರು, ಮರಳು ತೋಟಕ್ಕೆ ಹೋಗೋದು ಬೇಡ.

ಇವನ್ನು ಕೊಳ್ಳಬೇಡಿ

*ಪಾದರಸ.* ಪುಡಿ ಚಿನ್ನವನ್ನು ಪಾದರಸದಲ್ಲಿ ಸೇರಿಸಿ, ಕಾಯಿಸಿ ಬೇರೆ ಮಾಡೋ ಹಳೇ ಪದ್ಧತಿಯನ್ನು ಇವತ್ತಿಗೂ ವಿಡಿಯೋದಲ್ಲಿ ತೋರಿಸೋರಿದ್ದಾರೆ. ಕಾಯಿಸಿದಾಗ ಏಳೋ ಆವಿಗೆ ವಾಸನೆ ಇಲ್ಲ, ಕಣ್ಣಿಗೂ ಕಾಣೋಲ್ಲ, ನರಗಳನ್ನು ಹಾಳು ಮಾಡುತ್ತೆ. ನೀರಿಗೆ ಬಿದ್ದದ್ದು ಮೀನಿನ ಮೂಲಕ ತಿರುಗಿ ನಮ್ಮ ತಟ್ಟೆಗೇ ಬರುತ್ತೆ. ಪಾದರಸ ನಿಯಂತ್ರಣದ ಮಿನಾಮಾತಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ.

*ಮೋಟಾರು ಹೀರು ಪೈಪು.* ಹೊಳೆಯ ತಳ ಹೀರೋ ಡ್ರೆಡ್ಜ್ ಹೊಸಬರ ಸಾಮಾನಲ್ಲ. ಕ್ಯಾಲಿಫೋರ್ನಿಯಾದಂಥ ಚಿನ್ನದ ನಾಡಿನಲ್ಲೇ 2009ರಲ್ಲಿ ಇದಕ್ಕೆ ತಡೆ ಬಿತ್ತು.

*ದೂರದಿಂದ ಚಿನ್ನ ತೋರಿಸೋ ಯಂತ್ರ.* ಎರಡು ಕಡ್ಡಿ, ಒಂದು ಡಬ್ಬಿ, "ನೂರು ಮೀಟರ್ ದೂರದ ಚಿನ್ನ ತೋರಿಸುತ್ತೆ" ಅನ್ನೋ ಮಾತು. ಇದಕ್ಕೆ ವಿಜ್ಞಾನದ ಆಧಾರ ಇಲ್ಲ. ನಿಧಿ ತೋರಿಸ್ತೀನಿ ಅಂತ ಬರೋರ ಕೈಯಲ್ಲಿ ಇಂಥದ್ದೇ ಇರುತ್ತೆ.

ಗಂಟಿನ ಲೆಕ್ಕ

ಪರ್ಮಿಟ್ ಬೇಡದ ಒಳ್ಳೆಯ ಜಾಗ ಸಿಕ್ಕಿದೆ ಅಂತಲೇ ಇಟ್ಟುಕೊಳ್ಳೋಣ. ಉದಾಹರಣೆಗೆ ಒಂದು ಘನ ಮೀಟರ್ ಮರಳಲ್ಲಿ 0.2 ಗ್ರಾಂ ಚಿನ್ನ ಇದೆ. ಹೊಸಬ ಒಬ್ಬ ದಿನಕ್ಕೆ ಅರ್ಧ ಘನ ಮೀಟರ್ ಅಗೆದು, ಜರಡಿ ಹಿಡಿದು, ತೊಳೆದ. ಅದರ ತೂಕವೇ ಸುಮಾರು 900 ಕೆಜಿ. ಅದರೊಳಗಿನ ಚಿನ್ನ 0.1 ಗ್ರಾಂ. ಪೆಟ್ಟಿಗೆ ನೂರಕ್ಕೆ ಎಂಬತ್ತು ಹಿಡಿದರೆ ಕೈಗೆ ಬರೋದು 0.08 ಗ್ರಾಂ. ಒಂದು ಗ್ರಾಂ ಆಗೋಕೆ ಹನ್ನೆರಡು ಹದಿಮೂರು ದಿನ ಬೇಕು. ಇವತ್ತಿನ ಗ್ರಾಂ ರೇಟನ್ನು ಹದಿಮೂರರಿಂದ ಭಾಗಿಸಿ, ನಿಮ್ಮೂರಿನ ಕೂಲಿಯ ಪಕ್ಕ ಇಟ್ಟು ನೋಡಿ. ಹೊಳೆ ಚಿನ್ನದಲ್ಲಿ ಬೆಳ್ಳಿಯೂ ಬೆರೆತಿರುತ್ತೆ, ಅಂಗಡಿಯವರು 24 ಕ್ಯಾರೆಟ್ ರೇಟು ಕೊಡೋಲ್ಲ. ಅಲ್ಲಿಯೂ ಇದು ರಜಾ ದಿನದ ಹವ್ಯಾಸವೇ ಹೊರತು ಸಂಪಾದನೆಯ ದಾರಿ ಅಲ್ಲ.

ಹೊಳೆಯ ಲೆಕ್ಕವೂ ಇದೆ. ದಂಡೆ ಅಗೆದರೆ ಮುಂದಿನ ಮಳೆಗೆ ಅದು ಕುಸಿಯುತ್ತೆ. ಕೆಸರು ಕೆಳಗಿನ ಚೆಕ್‌ಡ್ಯಾಮಿಗೆ ಸೇರುತ್ತೆ, ಕೆಳಗಿನ ರೈತನ ಡ್ರಿಪ್ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಎಲ್ಲಿ ತೊಳೆದರೂ ದಂಡೆ, ಮರದ ಬೇರು ಮುಟ್ಟಬೇಡಿ. ತೋಡಿದ ಗುಂಡಿ ಮುಚ್ಚಿ ಬನ್ನಿ.

ಹೊಳೆದದ್ದೆಲ್ಲ ಚಿನ್ನ ಅಲ್ಲ

ನಮ್ಮ ಹಳ್ಳಗಳಲ್ಲಿ ಮಿನುಗೋದು ಬಹುಪಾಲು ಕಾಗೆ ಬಂಗಾರ, ಅಂದರೆ ಅಭ್ರಕ. ಗುರುತಿಸೋದು ಸುಲಭ:

- ಅಭ್ರಕ ಬಿಸಿಲಿಗೆ ತಿರುಗಿಸಿದಾಗ ಮಾತ್ರ ಮಿನುಗುತ್ತೆ, ನೀರಲ್ಲಿ ಹಾರಾಡುತ್ತೆ. ಚಿನ್ನ ನೆರಳಲ್ಲೂ ಅದೇ ಹಳದಿ, ತಳ ಬಿಟ್ಟು ಏಳೋಲ್ಲ.
- ಹಳದಿ ಹೊಳಪಿನ ಪೈರೈಟ್ ಕಲ್ಲನ್ನು ಸುತ್ತಿಗೆಯಿಂದ ಬಡಿದರೆ ಪುಡಿಯಾಗುತ್ತೆ. ಚಿನ್ನ ಪುಡಿಯಾಗೋಲ್ಲ, ಚಪ್ಪಟೆಯಾಗುತ್ತೆ.

ಬೋರ್‌ವೆಲ್ ಕೊರೆದ ಪುಡಿಯಲ್ಲೋ, ಬಾವಿಯ ಕಲ್ಲಲ್ಲೋ ಹೀಗೆ ಏನಾದರೂ ಕಂಡು ಅನುಮಾನ ಬಂದರೆ, ಒಂದು ಚೀಲದಲ್ಲಿ ತುಂಬಿ, ಸರ್ವೆ ನಂಬರ್ ಮತ್ತು ಆಳ ಬರೆದು, ನಿಮ್ಮ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಗ್ರೂಪಿನಲ್ಲಿ ಫೋಟೋ ಹಾಕಬೇಡಿ. ಹಾಕಿದ ಮಾರನೇ ದಿನವೇ "ನಿಮ್ಮ ಜಮೀನಲ್ಲಿ ಚಿನ್ನ ಇದೆ, ಪರೀಕ್ಷೆಗೆ ಇಷ್ಟು ಅಡ್ವಾನ್ಸ್ ಕೊಡಿ" ಅನ್ನೋ ಫೋನು ಬರಬಹುದು. ದುಡ್ಡು ಕೇಳಿದವರಿಗೆ, ಖಾಲಿ ಬಾಂಡ್ ಪೇಪರಿಗೆ ಸಹಿ ಕೇಳಿದವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.

ಒಟ್ಟಾರೆ

ಊರಲ್ಲಿರೋರು ಪೆಟ್ಟಿಗೆಗೆ ದುಡ್ಡು ಹಾಕಬೇಡಿ, ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೂ ಕೇಸು ಅಗ್ಗಕ್ಕೆ ಮುಗಿಯೋಲ್ಲ. ಹೊರದೇಶದಲ್ಲಿರೋರು ಮೊದಲು ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಗುರುತಾದ ಜಾಗ ಮತ್ತು ಆ ವರ್ಷದ ನಿಯಮ ನೋಡಿ. ಆಮೇಲೆ ಒಂದು ಪ್ಯಾನ್, ಒಂದು ಜರಡಿ ಕೊಳ್ಳಿ. ನಾಲ್ಕಾರು ಭಾನುವಾರ ತೊಳೆದ ಮೇಲೂ ಆಸೆ ಉಳಿದಿದ್ದರೆ, ಪ್ಯಾನಿನಲ್ಲಿ ಚುಕ್ಕೆ ಕಂಡಿದ್ದರೆ, ಆವಾಗ ಮೂರು ಅಡಿಯ ಹಗುರ ಪೆಟ್ಟಿಗೆಯ ಬಗ್ಗೆ ಯೋಚನೆ ಮಾಡಿ.

ಮುಂದಿನ ವಾರ ಇದೇ ಮರಳಿನ ಇನ್ನೊಂದು ಕಥೆ: ಬೋರ್ ನೀರಲ್ಲಿ ಮರಳು ಬರ್ತಿದ್ದರೆ ಡ್ರಿಪ್‌ಗೆ ಯಾವ ಫಿಲ್ಟರ್ ಹಾಕಬೇಕು? ಸಿಗೋಣ.